ಭಾವನ ಅರವತ್ತು ದನಿಗಳು

ಭಾವನ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯಕ್ಕೆ ಹೊಸ ಬೋರ್ಡು ಹಾಕೋಣ ಎಂದು ಬೆನ್ನು ಹತ್ತಿದವಳು ಅವಳೇ. ರೇಡಿಯೊ, ಟಿ.ವಿ. ರಿಪೇರಿಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳು, ಕೈ ಪಳಗಿತ್ತು. ಭಾವ ನಾಟಕ ತಂಡಕ್ಕೆ ಹಿನ್ನೆಲೆ ಸಂಗೀತ ನುಡಿಸುವವರು. ಅವರೂ ಆ ವಾದ್ಯವೂ ಜೊತೆಯಾಗಿ ಮೂವತ್ತೈದು ವರ್ಷ. "ನನಗಿಂತ ಅದರ ಮೈಯನ್ನೇ ಹೆಚ್ಚು ಸವರಿದಾರೆ ನಿನ್ನ ಭಾವ" ಎಂದು ಅಕ್ಕ ಬಂದವರ ಮುಂದೆಲ್ಲ ಹೇಳಿ ನಗುವುದಿತ್ತು.

ಗುಂಡಿಗಳನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಅವರು ಅರವತ್ತು ದನಿಗಳನ್ನು ಕಟ್ಟಿ ಅದರ ನೆನಪಿನಲ್ಲಿ ಕೂಡಿಟ್ಟಿದ್ದರು. ಬಾವಿಯೊಳಗಿನ ಗಾಳಿ, ತಗಡಿನ ಮೇಲೆ ಮಳೆ, ಯಾರೋ ಬಾಗಿಲಾಚೆ ಉಸಿರು ಹಿಡಿದು ನಿಂತಂಥ ಒಂದು ದನಿ. ಈಗ ಅವರ ಕಿವಿ ಮಂದವಾಗಿದೆ. ಸಣ್ಣ, ತೀಕ್ಷ್ಣ ಸದ್ದುಗಳು ಒಳಗಿಳಿಯುವುದೇ ಇಲ್ಲ.

"ಒಳಗಿರೋ ಬ್ಯಾಟರಿ ಸೋರಿದ್ರೆ ಎಲ್ಲಾ ತಿಂದುಹಾಕುತ್ತೆ ಭಾವ. ಈ ಹೊಸ ಬೋರ್ಡಿನ ಕಿಟ್ ಹಾಕಿದ್ರೆ ಬ್ಯಾಟರಿ ಗೊಡವೆನೇ ಇಲ್ಲ. ಇನ್ನೂರು ದನಿ ಹಿಡಿಯುತ್ತೆ."

"ಇನ್ನೂರು ಕಟ್ಟಿಕೊಂಡು ನಾನೇನು ಮಾಡ್ಲಮ್ಮ?" ಎಂದರೂ ಅವಳ ಮಾತು ತೆಗೆದುಹಾಕಲಾಗದೆ ಒಪ್ಪಿದರು.

ಅವಳು ಅವಸರಪಡಲಿಲ್ಲ. ಸೂಚನೆಯಲ್ಲಿದ್ದಂತೆ ಅರವತ್ತು ದನಿಗಳನ್ನೂ ಮೊದಲು ಕ್ಯಾಸೆಟ್ಟಿಗೆ ಇಳಿಸಿಕೊಂಡಳು; ಕಿವಿಗೆ ಅದು ಬರೀ ಕಿರ್ರೆನ್ನುವ ಸದ್ದು, ಓದಬಲ್ಲದ್ದು ವಾದ್ಯ ಮಾತ್ರ. ಆಮೇಲೆ ಒಳಗಿನ ನೆನಪನ್ನು ಹಿಡಿದಿಟ್ಟಿದ್ದ ಬ್ಯಾಟರಿ ಕತ್ತರಿಸಿ, ಹಳೆಯ ಐ.ಸಿ. ಚಿಪ್ಪನ್ನು ಮೀಟಿ ತೆಗೆದು, ಹೊಸ ಬೋರ್ಡು ಕೂರಿಸಿದಳು.

ಸ್ವಿಚ್ ಹಾಕಿದರೆ ಪ್ರತಿ ಆರನೆಯ ಸ್ವರ ಅಪಸ್ವರ. ಮೀಟರ್ ಹಿಡಿದು ವೋಲ್ಟೇಜ್ ನೋಡಿದಳು, ಸರಿಯಿತ್ತು. ಅನುಮಾನ ಬಂದ ಕಡೆಯೆಲ್ಲ ಬೆಸುಗೆ ಕರಗಿಸಿ ಮತ್ತೆ ಹಾಕಿದಳು. ಎರಡನೆಯ ದಿನ ಭೂತಗನ್ನಡಿಯಲ್ಲಿ ನೋಡುವಾಗ ಹೊಸ ಬೋರ್ಡಿನ ಒಂದು ಪಿನ್ ಸಾಕೆಟ್ಟಿಗೆ ಇಳಿಯದೆ ಅಡಿಯಲ್ಲಿ ಮಡಚಿಕೊಂಡಿದ್ದು ಸಿಕ್ಕಿತು. ನೆಟ್ಟಗೆ ಮಾಡಿ ಕೂರಿಸಿದ್ದೇ ತಡ, ಆರನೆಯ ಸ್ವರವೂ ಸರಿಹೊಂದಿತು. ಅವಳಿಗೆ ಹೋದ ಜೀವ ಬಂದಂತಾಯಿತು.

ದನಿಗಳನ್ನು ಮರಳಿ ತುಂಬಲು ಕ್ಯಾಸೆಟ್ ಹಾಕಿದಳು. ಪರದೆಯ ಮೇಲೆ 'ಎರರ್' ಎಂದು ಬಂತು. ಟೇಪ್ ರೆಕಾರ್ಡರಿನ ಹೆಡ್ ಒರೆಸಿದಳು, ವಾಲ್ಯೂಮ್ ಏರಿಸಿದಳು, ಇಳಿಸಿದಳು, ಬೇರೆ ರೆಕಾರ್ಡರ್ ತಂದಳು. ಮತ್ತೆ ಅದೇ. ಕಿಟ್ ತಯಾರಿಸಿದವನಿಗೆ ಬರೆದಾಗ ಎರಡು ಸಾಲಿನ ಉತ್ತರ ಬಂತು. ಈ ವಾದ್ಯದ ತೀರ ಮೊದಲಿನ ಮಾದರಿಯ ಚಿಪ್ಪಿನಿಂದ ಇಳಿಸಿದ ಟೇಪನ್ನು ಈ ಬೋರ್ಡು ಓದುವುದಿಲ್ಲ. ಹಳೆಯ ಚಿಪ್ಪನ್ನೇ ವಾಪಸ್ ಹಾಕಿ ನೋಡಿ.

ಹಳೆಯ ಚಿಪ್ಪಿನ ಕಾಲುಗಳು ಕಪ್ಪಿಟ್ಟಿದ್ದವು. ಒತ್ತಿ ಕೂರಿಸುವಾಗ ಎರಡು ಕಾಲು ಬುಡದಲ್ಲೇ ಮುರಿದವು. ಮೊಂಡುಗಳಿಗೆ ತಂತಿ ಬೆಸೆದು ಮತ್ತೆ ಕೂರಿಸಿದಳು. ಪರದೆ ಬೆಳಗಲೇ ಇಲ್ಲ. ಅಂಥ ಚಿಪ್ಪು ಯಾರ ಹತ್ತಿರವಾದರೂ ಇದೆಯೇ ಎಂದು ಗೊತ್ತಿದ್ದ ರಿಪೇರಿಯವರನ್ನೆಲ್ಲ ಕೇಳಿದಳು. ಯಾರ ಬಳಿಯೂ ಇರಲಿಲ್ಲ.

ಭಾವ ಎಲ್ಲ ಕೇಳಿಸಿಕೊಂಡು ಕುರ್ಚಿ ಎಳೆದುಕೊಂಡರು. "ಮತ್ತೆ ಕಟ್ಟೋಣ, ಬಾವಿ ಗಾಳಿಯಿಂದ ಶುರು ಮಾಡೋಣ. ಮೇಲೆ ಒಂದು ತೆಳ್ಳನೆ ಸಿಳ್ಳೆ ಇರ್ತಿತ್ತು. ನಂಗೆ ಕೇಳಿಸಲ್ಲ, ನೀನು ಹೇಳು." ಅವಳು ಹೊಸ ಬೋರ್ಡನ್ನು ಮತ್ತೆ ಕೂರಿಸಿದಳು, ಅವರು ಗುಂಡಿ ತಿರುಗಿಸಿದರು. "ಬಂತಾ?"

"ಬಂತು ಅನ್ಸುತ್ತೆ."

"ಹಾಗೇ ಇದೆಯಾ?"

ನಾಟಕಗಳಲ್ಲಿ ಅದನ್ನು ನೂರು ಸಲ ಕೇಳಿದ್ದಳು. ಈಗ ನೆನಪಿಸಿಕೊಳ್ಳಲು ಹೋದರೆ ತಲೆ ಖಾಲಿ. "ಗೊತ್ತಾಗ್ತಿಲ್ಲ ಭಾವ" ಎಂದಳು. ಅವರು ಇನ್ನಷ್ಟು ತಿರುಗಿಸಿದರು. ಸಂಜೆವರೆಗೆ ಹೀಗೇ ನಡೆಯಿತು. ಅಕ್ಕ ಎರಡು ಸಲ ಬಾಗಿಲ ತನಕ ಬಂದು ಹಿಂದಿರುಗಿದಳು.

ಶನಿವಾರದ ನಾಟಕಕ್ಕೆ ಭಾವ ಬೋರ್ಡಿನ ಜೊತೆ ಬಂದಿದ್ದ ಸಿದ್ಧ ದನಿಗಳಲ್ಲೇ ನುಡಿಸಿದರು. ಅವಳು ಹಿಂದಿನ ಸಾಲಿನಲ್ಲಿ ಕುಳಿತು ಕಿವಿಗೊಟ್ಟಳು. ಏನು ಬದಲಾಗಿದೆ ಎಂದು ಅವಳಿಗೂ ಹೇಳಲಾಗುತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನಿರ್ದೇಶಕ ಭಾವನ ಭುಜ ತಟ್ಟಿ, ಎಂದಿನಂತೆ ಚೆನ್ನಾಗಿತ್ತು ಎಂದು ಹೇಳಿ ಹೋದ.

ಅವಳು ವೇದಿಕೆಯ ಪಕ್ಕಕ್ಕೆ ಹೋಗಿ ನಿಂತಳು. ಭಾವ ತಂತಿ ಸುತ್ತುತ್ತಿದ್ದರು.

"ಅವನಿಗೆ ಗೊತ್ತೇ ಆಗ್ಲಿಲ್ಲ ನೋಡು" ಎಂದರು, ತಲೆ ಎತ್ತದೆ.

ಅವಳು ವಾದ್ಯದ ಇನ್ನೊಂದು ತುದಿ ಹಿಡಿದು ಎತ್ತಿದಳು.