ಲೆಕೆಲೆನಿ ಕೇಳಿದ ಪ್ರಶ್ನೆ

ಚಿಲೊಂಬೊ ಸಂತೆಗೆ ಚಾವಣಿ ಇಲ್ಲ. ಸರೋವರದ ಕಡೆಯಿಂದ ಮೋಡ ಎದ್ದರೆ ಸಾಕು, ನೆಲದ ಮೇಲೆ ಒಣಮೀನು ಹರಡಿಕೊಂಡು ಕೂತ ಹೆಂಗಸರು ಲಂಗದ ಮೇಲೆ ಸುತ್ತಿದ ಬಟ್ಟೆಯನ್ನೇ ಬಿಚ್ಚಿ ಮೀನಿಗೆ ಹೊದಿಸುತ್ತಾರೆ. ಆದರೂ ಮೀನು ನೆನೆಯುತ್ತದೆ. ನೆಂದ ಮೀನು ಸಂಜೆಯೊಳಗೆ ನಾರುತ್ತದೆ. ನಾರಲಿ, ನಾರದಿರಲಿ, ಬೆಳಿಗ್ಗೆ ಸುಂಕದವನು ಬಂದು ಚೀಟಿ ಹರಿದು ಕೊಟ್ಟು ಇನ್ನೂರು ಕ್ವಾಚಾ ಎತ್ತಿಕೊಂಡು ಹೋಗುತ್ತಾನೆ. ಒಂದು ಬೋಗುಣಿ ಮೀನು ಇಟ್ಟುಕೊಂಡವಳಿಗೂ ಅಷ್ಟೇ, ಲಾರಿಯಿಂದ ಸಕ್ಕರೆ ಮೂಟೆ ಇಳಿಸಿಕೊಳ್ಳುವ ದೊಡ್ಡ ಅಂಗಡಿಯವನಿಗೂ ಅಷ್ಟೇ.

ಇದರ ಬಗ್ಗೆ ಎಲ್ಲರೂ ಗೊಣಗುತ್ತಿದ್ದರು. ಬಾಯಿಬಿಟ್ಟು ಕೇಳಿದವಳು ಲೆಕೆಲೆನಿ ಒಬ್ಬಳೇ.

ಲೆಕೆಲೆನಿ ಫಾಲೆಸಿಯ ತಂಗಿ. ಅಕ್ಕತಂಗಿಯರು ತಾಯಿಯ ಅಂಗಳದಲ್ಲೇ ಅಕ್ಕಪಕ್ಕದ ಮನೆ ಕಟ್ಟಿಕೊಂಡವರು. ಸಂತೆಯಲ್ಲೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಲೆಕೆಲೆನಿಯ ಗಂಡ ದೂರದ ಟೀ ತೋಟದಲ್ಲಿ ಕೆಲಸಕ್ಕಿದ್ದ. ಅವರ ಮಗಳು ತಿಯಾಮಿಕೆಗೆ ಆಗ ಐದು ತಿಂಗಳು.

ಒಂದು ಮಂಗಳವಾರ ಸುಂಕದವನು ಚೀಟಿ ಚಾಚಿದಾಗ ಲೆಕೆಲೆನಿ ಕೈ ನೀಡಲಿಲ್ಲ.

“ಅಣ್ಣಾ, ನನ್ನ ಬೋಗುಣಿ ನೋಡು, ಆಮೇಲೆ ಆ ಅಂಗಡಿ ನೋಡು. ಇಬ್ರಿಗೂ ಒಂದೇ ಚೀಟಿನಾ?”

“ನಂಗೇನ್ ಗೊತ್ತಮ್ಮ. ಪುಸ್ತಕ ಮೇಲಿನೋರು ಕೊಡ್ತಾರೆ, ನಾನು ಹರಿಯೋನು.”

“ಸರಿ, ಚೀಟಿ ಹರಿದು ಎತ್ತಿದ ದುಡ್ಡಲ್ಲಿ ಚಾವಣಿ ಹಾಕಿಸ್ತೀವಿ ಅಂದಿದ್ರಲ್ಲ. ಎಲ್ಲಿ ಹಾಕ್ಸಿದ್ದಾರೆ, ಮೋಡದ ಮೇಲಾ?”

ಹೆಂಗಸರು ನಕ್ಕರು. ಪಕ್ಕದಲ್ಲಿ ಟೊಮೆಟೊ ಮಾರುವ ಡೊರಿಕಾ ತೊಡೆ ತಟ್ಟಿಕೊಂಡು ನಕ್ಕಳು. ಸುಂಕದವನಿಗೂ ನಗು ತಡೆಯಲಾಗಲಿಲ್ಲ. ಲೆಕೆಲೆನಿ ದುಡ್ಡು ಕೊಟ್ಟಳು, ಚೀಟಿ ಇಸಿದುಕೊಂಡಳು. ನಡೆದದ್ದು ಇಷ್ಟೇ.

ಮರುದಿನ ಊರಿನಲ್ಲಿ ಆಳುವ ನಗಾರಿ ಪಕ್ಷದ ಸಭೆಯಿತ್ತು. ಬೆಳಿಗ್ಗೆಯೇ ಇಬ್ಬರು ಪೊಲೀಸರು ಸಂತೆಗೆ ಬಂದರು. ಸಭೆ ಕೆಡಿಸಲು ಜನ ಕೂಡಿಸಿದಳು ಎಂದು ಹೇಳಿ ಲೆಕೆಲೆನಿಯನ್ನು ಎಬ್ಬಿಸಿಕೊಂಡು ಹೋದರು. ಮಗು ಮನೆಯಲ್ಲಿ ಅಜ್ಜಿಯ ಹತ್ತಿರವಿತ್ತು.

ಆ ಹೊತ್ತಿಗೆ ಫಾಲೆಸಿ ಸಭೆಯ ಬಯಲಿನಲ್ಲಿದ್ದಳು. ನಗಾರಿ ಪಕ್ಷದ ಹೆಂಗಸರ ಕುಣಿತಕ್ಕೆ ಅವಳೇ ಮುಂದಾಳು. ನಾಯಕರ ಮುಖ ಅಚ್ಚು ಹಾಕಿದ ಹೊಸ ಬಟ್ಟೆಯನ್ನು ಸೊಂಟಕ್ಕೆ ಬಿಗಿಯುತ್ತಿದ್ದಾಗ ಡೊರಿಕಾ ಏದುಸಿರು ಬಿಡುತ್ತಾ ಬಂದಳು. ಡೊರಿಕಾ ಬರೀ ಟೊಮೆಟೊ ಮಾರುವವಳಲ್ಲ. ಹಳ್ಳಿಯವರಿಗೆ ಕಾನೂನು ತಿಳಿಸಿಕೊಡುವ ತರಬೇತಿ ಪಡೆದವಳು.

“ಫಾಲೆಸಿ, ಈಗ್ಲೇ ಬಾ. ಮನೆಯೋರು ಬಂದು ಕೇಳಿದ್ರೆ ಜಾಮೀನಿಗೆ ದಾರಿಯಾಗುತ್ತೆ. ನಾನು ಹೊರಗಿನೋಳು, ನನ್ನ ಮಾತಿಗೆ ಬೆಲೆ ಕೊಡ್ತಿಲ್ಲ.”

“ನೀನ್ಯಾಕೆ ಇಷ್ಟು ಗಾಬರಿ ಬೀಳ್ತೀಯ? ಕುಣಿತ ಮುಗೀಲಿ. ಪಕ್ಷದ ಜಿಲ್ಲಾ ಅಧ್ಯಕ್ಷರು ಇಲ್ಲೇ ಇದ್ದಾರೆ, ಒಂದು ಮಾತು ಹೇಳ್ತೀನಿ. ಇಷ್ಟು ವರ್ಷ ಅವ್ರ ಬಟ್ಟೆ ಉಟ್ಟು ಕುಣಿದಿದ್ದೀನಿ, ನನ್ನ ಮಾತು ತೆಗೆದುಹಾಕ್ತಾರಾ?”

ಫಾಲೆಸಿ ಕುಣಿದಳು. ಬಿಸಿಲು ಇಳಿಯುವವರೆಗೂ ಕುಣಿದಳು. ಆಮೇಲೆ ಅಧ್ಯಕ್ಷರ ಕಾರಿನ ಕಿಟಕಿಯ ಹತ್ತಿರ ಮಂಡಿಯೂರಿ ತಂಗಿಯ ವಿಷಯ ಹೇಳಿದಳು. “ನಾಳೆ ನೋಡೋಣ ತಾಯಿ” ಎಂದರು ಅವರು. ಕಿಟಕಿಯ ಗಾಜು ಮೇಲೇರಿತು.

ಮರುದಿನ ಅವರ ಮನೆಯ ಮುಂದೆ ಮಧ್ಯಾಹ್ನದವರೆಗೆ ಕಾದಳು. ಅಧ್ಯಕ್ಷರು ಬೇರೆ ಊರಿನ ಸಭೆಗೆ ಹೋಗಿದ್ದರು.

ಅಕ್ಕತಂಗಿಯರ ತಾಯಿಗೆ ಉಬ್ಬಸದ ಕಾಯಿಲೆ ಹಳೆಯದು. ಅದು ಆ ವಾರವೇ ಏರಿತು. ಮೊಲೆಹಾಲಿಲ್ಲದೆ ಚೀರುವ ಮಗುವನ್ನು ಎದೆಗೆ ಒತ್ತಿಕೊಂಡು, ಬಾಗಿಲ ಕಡೆ ನೋಡುತ್ತಾ, “ಲೆಕೆ ಬಂದ್ಲಾ?” ಎಂದು ಕೇಳುತ್ತಿದ್ದರು. “ಬರ್ತಾಳೆ ಅವ್ವಾ, ಈಗ ಬರ್ತಾಳೆ” ಎಂದು ಫಾಲೆಸಿ ಮಗುವಿನ ಬಾಯಿಗೆ ತೆಳು ಗಂಜಿ ಬಿಡುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ತಾಯಿ ಕೇಳುವುದನ್ನು ನಿಲ್ಲಿಸಿದರು.

ಚಿಲೊಂಬೊದಲ್ಲಿ ತಾಯಿ ಸತ್ತರೆ ಹೆಣ್ಣುಮಕ್ಕಳು ತಲೆದೆಸೆಯ ಚಾಪೆಯ ಮೇಲೆ ಕೂರಬೇಕು. ಊರಿನ ಹೆಂಗಸರೆಲ್ಲ ಬಂದು ಆ ಮನೆ ತುಂಬಿಕೊಂಡರು, ಹಾಡಿದರು, ಅತ್ತರು. ನಿಲ್ಲಲೂ ಜಾಗವಿರಲಿಲ್ಲ. ಆದರೂ ಫಾಲೆಸಿಯ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಚಾಪೆಯನ್ನು ಯಾರೂ ಮುಟ್ಟಲಿಲ್ಲ. ಅದು ಲೆಕೆಲೆನಿಯ ಜಾಗ. ಡೊರಿಕಾ ಠಾಣೆಗೆ ಎರಡು ಸಲ ಹೋಗಿ, ತಾಯಿ ತೀರಿಹೋಗಿದ್ದಾರೆ, ಮುಖ ನೋಡಲಾದರೂ ಬಿಡಿ ಎಂದು ಬೇಡಿದಳು. ಸಾಹೇಬರಿಲ್ಲ ಎಂದರು.

ನಾಲ್ಕನೆಯ ದಿನ ಸೆಕೆ ಹೆಚ್ಚಿತು. ಗುಂಡಿ ತೋಡುವ ಹಿರಿಯನೊಬ್ಬ ಬಾಗಿಲಲ್ಲಿ ನಿಂತು ಮೆಲ್ಲನೆ ಕೇಳಿದ. “ಇನ್ನೂ ಕಾಯೋದಾ ಮಗಳೇ?”

ಫಾಲೆಸಿ ಬೇಡವೆಂದು ತಲೆ ಅಲ್ಲಾಡಿಸಿದಳು.

ಐದನೆಯ ದಿನ ಯಾವ ಮೊಕದ್ದಮೆಯೂ ಇಲ್ಲದೆ ಲೆಕೆಲೆನಿಯನ್ನು ಹೊರಗೆ ಬಿಟ್ಟರು. ಅವಳು ಠಾಣೆಯ ಬಾಗಿಲಲ್ಲೇ ಡೊರಿಕಾಳಿಂದ ಸುದ್ದಿ ಕೇಳಿ, ಮನೆಗೆ ಬರದೆ ನೇರವಾಗಿ ತಾಯಿಯನ್ನು ಹೂಳಿದ ಮಣ್ಣಿನ ಗುಡ್ಡೆಯ ಹತ್ತಿರ ಹೋದಳು. ರವಿಕೆಯ ಎದೆಯ ಮೇಲೆ ಹಾಲು ಸೋರಿ ಒಣಗಿದ ಕಲೆಗಳಿದ್ದವು. ಅಕ್ಕ ಅಲ್ಲಿ ನಿಂತಿದ್ದಳು. ಮಗು ಅಕ್ಕನ ಬೆನ್ನ ಮೇಲೆ ನಿದ್ದೆ ಮಾಡುತ್ತಿತ್ತು. ಅದನ್ನು ಬೆನ್ನಿಗೆ ಕಟ್ಟಿದ್ದು ಅದೇ ಹೊಸ ಬಟ್ಟೆ, ನಾಯಕರ ಮುಖದ ಬಟ್ಟೆ. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಫಾಲೆಸಿ ಕಟ್ಟಿಕೊಂಡು ಬಂದಿದ್ದಳು.

ಲೆಕೆಲೆನಿ ಗಂಟು ಬಿಚ್ಚಿದಳು. ಮಗುವನ್ನು ತೆಗೆದುಕೊಂಡಳು. ಬಟ್ಟೆಯನ್ನು ನಾಲ್ಕಾಗಿ ಮಡಿಸಿ ಅಕ್ಕನ ಕೈಗೆ ಕೊಟ್ಟಳು. ಆಮೇಲೆ ಏಳು ತಿಂಗಳು ಅಕ್ಕನೊಡನೆ ಒಂದು ಮಾತೂ ಆಡಲಿಲ್ಲ.

ಒಂದೇ ಅಂಗಳ, ಎರಡು ಒಲೆ. ಫಾಲೆಸಿ ಜೋಳದ ಹಿಟ್ಟಿನ ಮುದ್ದೆ ನ್ಸಿಮಾ ತೊಳಸಿ ತಟ್ಟೆ ಮುಚ್ಚಿ ತಂಗಿಯ ಬಾಗಿಲಲ್ಲಿ ಇಡುತ್ತಿದ್ದಳು. ತಟ್ಟೆ ಹಾಗೆಯೇ ತಣ್ಣಗಾಗಿ ವಾಪಸು ಬರುತ್ತಿತ್ತು. ಲೆಕೆಲೆನಿ ಸಂತೆಗೆ ಹೋಗುವುದನ್ನು ಬಿಟ್ಟಳು. ತಿಯಾಮಿಕೆ ಮಾತ್ರ ಎರಡು ಮನೆಗಳ ನಡುವೆ ಅಂಬೆಗಾಲಿಡುತ್ತಾ ಓಡಾಡುತ್ತಿದ್ದಳು.

ಚುನಾವಣೆ ಹತ್ತಿರವಾಯಿತು. ಶುಕ್ರವಾರ ಮತ್ತೆ ನಗಾರಿ ಪಕ್ಷದ ಸಭೆ. ಮುಂದಾಳಿಗೆಂದು ಎರಡು ಹೊಸ ಬಟ್ಟೆಗಳು ಮನೆಗೆ ಬಂದವು. ಫಾಲೆಸಿ ಅವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಾಗ ಡೊರಿಕಾ ಬಂದಳು. ಅವಳ ಬುಟ್ಟಿಯಲ್ಲಿ ಟೊಮೆಟೊ ಮೇಲೆ ಎರಡು ತೆಳು ಪುಸ್ತಕಗಳಿದ್ದವು.

“ಏನೇ ಅದು?”

“ಪಕ್ಷಗಳ ಪುಸ್ತಕ. ಗೆದ್ರೆ ಏನ್ ಮಾಡ್ತೀವಿ ಅಂತ ಬರ್ಕೊಂಡಿರೋದು. ಒಂದು ನಿನ್ನ ನಗಾರಿದು. ಇನ್ನೊಂದು ಕೊಕ್ಕರೆ ಗುರುತಿನೋರದ್ದು.”

“ಕೊಕ್ಕರೆಯೋರು ಬಟ್ಟೆ ಕೊಡಲ್ವಂತೆ?”

“ಕೊಡಲ್ಲ. ಪುಸ್ತಕ ಕೊಡ್ತಾರೆ.”

“ಪುಸ್ತಕ ಸುತ್ಕೊಂಡು ಸಂತೆಗೆ ಹೋಗೋಣ ಬಿಡು,” ಎಂದಳು ಫಾಲೆಸಿ. ನಗಲು ಹೋದಳು, ನಗು ಬರಲಿಲ್ಲ. “ಎಲ್ರೂ ಒಂದೇ ಕಣೇ ಡೊರಿಕಾ. ಬರೆಯೋದೊಂದು, ಮಾಡೋದೊಂದು. ಬಟ್ಟೆಯಾದ್ರೂ ಕೈಗೆ ಸಿಗುತ್ತೆ.”

“ಇರ್ಬೋದು. ಆದ್ರೂ ಕೇಳು.” ಡೊರಿಕಾ ಜಗಲಿಯ ತುದಿಯಲ್ಲಿ ಕೂತು ಪುಟ ತಿರುವಿದಳು. “ನಗಾರಿ ಪುಸ್ತಕದಲ್ಲಿ ಸಂತೆ ಸುಂಕಕ್ಕೆ ಒಂದೇ ಸಾಲು. ವಸೂಲಿ ಹೆಚ್ಚು ಬಿಗಿ ಮಾಡ್ತೀವಿ, ಅಷ್ಟೇ. ಇದು ಕೊಕ್ಕರೆದು. ನೆಲದ ಮೇಲೆ ಕೂತು ಮಾರೋರಿಗೆ ಸುಂಕ ಇಲ್ಲ. ಅಂಗಡಿಯೋರು ವ್ಯಾಪಾರದ ಗಾತ್ರಕ್ಕೆ ತಕ್ಕ ಹಾಗೆ ಕೊಡ್ಬೇಕು. ಎತ್ತಿದ್ದೆಷ್ಟು, ಖರ್ಚು ಮಾಡಿದ್ದೆಷ್ಟು ಅಂತ ತಿಂಗಳಿಗೊಂದ್ಸಲ ಸಂತೆ ಬಾಗಿಲಲ್ಲಿ ಹಲಗೆ ಮೇಲೆ ಬರೀಬೇಕು.”

ಫಾಲೆಸಿ ಮಡಿಲಿನ ಬಟ್ಟೆಯ ಅಂಚು ತಿರುಚುತ್ತಿದ್ದಳು. ತಂಗಿ ಕೇಳಿದ್ದು ಇದನ್ನೇ ಅಲ್ಲವೇ?

“ಇನ್ನೊಂದಿದೆ,” ಎಂದು ಡೊರಿಕಾ ದನಿ ತಗ್ಗಿಸಿದಳು. “ಕಾರಣ ಹೇಳದೆ ಯಾರನ್ನೂ ಹಿಡಿದಿಡಂಗಿಲ್ಲ. ನಲವತ್ತೆಂಟು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸ್ಬೇಕು, ಇಲ್ಲಾ ಬಿಡ್ಬೇಕು. ಮೀರಿದ ಅಧಿಕಾರಿಗೆ ಶಿಕ್ಷೆ. ಸಂತೆಯಲ್ಲಾಗ್ಲಿ ಸಭೆಯಲ್ಲಾಗ್ಲಿ ಪ್ರಶ್ನೆ ಕೇಳಿದ್ದು ಅಪರಾಧ ಅಲ್ಲ.”

“ಇದು... ಇವ್ರು ಹೊಸ್ದಾಗಿ ತರೋ ಕಾನೂನಾ?”

“ಇಲ್ಲ ಕಣೇ. ನಲವತ್ತೆಂಟು ಗಂಟೆ ಮಾತು ಮೊದಲಿಂದ್ಲೂ ಕಾನೂನಲ್ಲಿದೆ. ಅವತ್ತೂ ಇತ್ತು. ಅದ್ಕೇ ನಿನ್ನ ಕರೆಯೋಕೆ ಓಡಿ ಬಂದಿದ್ದು.”

ಫಾಲೆಸಿ ಮಡಿಲಿನ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿದಳು. ಪಕ್ಕದ ಮನೆಯ ಬಾಗಿಲಲ್ಲಿ ಲೆಕೆಲೆನಿ ಕಾಳು ಆರಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. ಆದರೆ ಆರಿಸುತ್ತಿದ್ದ ಕೈ ನಿಂತಿತ್ತು.

ಗುರುವಾರ ಕೊಕ್ಕರೆ ಪಕ್ಷದ ಅಭ್ಯರ್ಥಿ ಸೈಕಲ್ ತಳ್ಳಿಕೊಂಡು ಬಂದರು. ಸಾಂಬಾನಿ ಮೇಷ್ಟ್ರು ಎಂದು ಹೆಸರು, ಶಾಲೆಯ ಕೆಲಸದಿಂದ ನಿವೃತ್ತರಾದವರು. ಮಾವಿನ ಮರದ ಕೆಳಗೆ ಮೂವತ್ತು ಹೆಂಗಸರು ಸೇರಿದ್ದರೆ ಹೆಚ್ಚು. ಬಟ್ಟೆಯಿಲ್ಲದ ಸಭೆಗೆ ಅಷ್ಟು ಜನ ಬಂದದ್ದೇ ದೊಡ್ಡದು.

“ಮೇಷ್ಟ್ರೇ, ಕೈ ಬೀಸ್ಕೊಂಡು ಬಂದಿದ್ದೀರಿ,” ಎಂದು ಒಬ್ಬಳು ಕೆಣಕಿದಳು.

“ಹೌದಮ್ಮ. ಬಟ್ಟೆಗೆ ದುಡ್ಡಿಲ್ಲ. ಇದ್ದಿದ್ರೂ ಅದು ನಿಮ್ಮ ಸುಂಕದ್ದೇ ಆಗಿರ್ತಿತ್ತೇನೋ.”

ಅವರು ಪುಸ್ತಕದಲ್ಲಿದ್ದುದನ್ನೇ ಹೇಳಿದರು, ಸಾವಧಾನವಾಗಿ, ಮಕ್ಕಳಿಗೆ ಹೇಳಿಕೊಡುವ ಹಾಗೆ. ಮುಗಿದ ಮೇಲೆ ಫಾಲೆಸಿ ಎದ್ದು ನಿಂತಳು. ನಗಾರಿಯ ಕುಣಿತದ ಮುಂದಾಳು ಇಲ್ಲೇಕೆ ಎಂದು ಎಲ್ಲರೂ ತಿರುಗಿ ನೋಡಿದರು.

“ಮೇಷ್ಟ್ರೇ, ನೀವು ಗೆದ್ರಿ ಅನ್ಕೊಳ್ಳಿ. ಒಂದು ವರ್ಷ ಕಳೀತು, ಚಾವಣಿ ಬರ್ಲಿಲ್ಲ. ನನ್ನ ತಂಗಿ ಮತ್ತೆ ಎದ್ದು, ಯಾಕೆ ಬರ್ಲಿಲ್ಲ ಅಂತ ನಿಮ್ಮನ್ನೇ ಕೇಳಿದ್ಲು. ಅವತ್ತು ನೀವು ನನ್ನ ತಂಗೀನ ಎಲ್ಲಿ ಇಡ್ತೀರಿ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

“ಆಣೆ ಇಟ್ರೆ ನಂಬ್ಬೇಡಿ,” ಎಂದರು ಕೊನೆಗೆ. “ಕುರ್ಚಿ ಮೇಲೆ ಕೂತ ಮೇಲೆ ಮನುಷ್ಯ ಬದಲಾಗೋದನ್ನ ನಾನೂ ನೋಡಿದ್ದೀನಿ. ಈ ಪುಸ್ತಕದ ಮೇಲೆ ನನ್ನ ಸಹಿ ಹಾಕಿ ಕೊಡ್ತೀನಿ. ತಪ್ಪಿದ್ರೆ ಇದನ್ನ ಹಿಡ್ಕೊಂಡು ಬಂದು ಎಲ್ಲರೆದುರಿಗೆ ಕೇಳಿ.”

“ಕೇಳ್ದವಳನ್ನೇ ಹಿಡ್ಕೊಂಡು ಹೋದ್ರೆ ಪುಸ್ತಕ ಯಾರು ತರ್ತಾರೆ ಮೇಷ್ಟ್ರೇ?”

ಮೇಷ್ಟ್ರು ಬಾಯಿ ತೆರೆಯುವ ಮೊದಲು ಗುಂಪಿನ ಹಿಂದಿನಿಂದ ಉತ್ತರ ಬಂತು.

“ಆಗ ನೀನು ತರ್ಬೇಕು ಅಕ್ಕ. ಅವತ್ತೂ ನೀನೇ ಬರ್ಬೇಕಿತ್ತು.”

ಲೆಕೆಲೆನಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಏಳು ತಿಂಗಳ ನಂತರದ ಮೊದಲ ಮಾತು. ಅದರಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಫಾಲೆಸಿ ಸೆರಗಿನಂತೆ ಹೊದ್ದ ಬಟ್ಟೆಯಿಂದ ಮುಖ ಮುಚ್ಚಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ತಾಯಿ ಸತ್ತ ದಿನ ಬಾರದ ಅಳು ಅಂದು ಬಂತು. ಯಾರೂ ಅವಳನ್ನು ಸುಮ್ಮನಾಗಿಸಲು ಹೋಗಲಿಲ್ಲ. ಲೆಕೆಲೆನಿ ಬಂದು ಪಕ್ಕದಲ್ಲಿ ಕೂತಳು.

ಶುಕ್ರವಾರ ಬಯಲಿನಲ್ಲಿ ನಗಾರಿ ಬಾರಿಸುವ ಸದ್ದು ಕೇಳುತ್ತಿತ್ತು. ಹೊಸ ಬಟ್ಟೆಗಳನ್ನು ಫಾಲೆಸಿ ಮಡಿಕೆ ಬಿಚ್ಚದೆ ಹಿಂದಕ್ಕೆ ಕಳಿಸಿದ್ದಳು. ಅಕ್ಕತಂಗಿಯರು, ಡೊರಿಕಾ, ಮತ್ತೆ ಹನ್ನೊಂದು ಜನ ಸಂತೆಯ ಕಚೇರಿಗೆ ನಡೆದರು. ಅವರ ಕೈಯಲ್ಲಿ ಒಂದು ಅರ್ಜಿ ಇತ್ತು. ಸುಂಕದ ಹಣ ಎಲ್ಲಿಗೆ ಹೋಗುತ್ತದೆ ಎಂದು ಹಲಗೆಯ ಮೇಲೆ ಬರೆಯಿರಿ ಎಂದು ಅದರಲ್ಲಿತ್ತು. ಕೆಲವರು ಸಹಿ ಹಾಕಿದ್ದರು, ಉಳಿದವರು ಹೆಬ್ಬೆಟ್ಟು ಒತ್ತಿದ್ದರು.

ಕಚೇರಿಯ ಬಾಗಿಲಲ್ಲಿ ಲೆಕೆಲೆನಿ ನಿಂತಳು. ಮಗುವನ್ನು ಅಕ್ಕನ ಬೆನ್ನ ಮೇಲಿಟ್ಟು ಬಟ್ಟೆ ಸುತ್ತಿ ಗಂಟು ಹಾಕಿದಳು. ಅದು ಅವರ ತಾಯಿಯ ಹಳೆಯ ನೀಲಿ ಹೂವಿನ ಬಟ್ಟೆ.

“ನಾನು ಕೊಟ್ಟು ಬರ್ತೀನಿ. ಬರೋದು ತಡ ಆದ್ರೆ...”

“ತಡ ಆಗೋಕೆ ಬಿಡಲ್ಲ. ಒಳಗೆ ಬಂದು ನಿನ್ನ ಪಕ್ಕ ನಿಲ್ತೀನಿ.”

ಲೆಕೆಲೆನಿ ಒಳಗೆ ಹೋದಳು. ಫಾಲೆಸಿ ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಮಗುವನ್ನು ಮೆಲ್ಲಗೆ ತೂಗುತ್ತಾ, ತೆರೆದ ಬಾಗಿಲಿನಿಂದ ಕಣ್ಣು ಕೀಳದೆ ನಿಂತಳು. ಅರ್ಜಿಗೆ ಮೊಹರು ಬಿತ್ತು. ತಂಗಿ ಹೊರಗೆ ಬಂದಳು. ಆ ರಾತ್ರಿ ಅಂಗಳದಲ್ಲಿ ಒಂದೇ ಒಲೆ ಉರಿಯಿತು. ತಾಯಿ ಕೂರುತ್ತಿದ್ದ ಜಾಗ ಮಾತ್ರ ಖಾಲಿಯೇ ಇತ್ತು. ಅದನ್ನು ಯಾವ ಪಕ್ಷವೂ ತುಂಬಿಕೊಡಲಾರದು.

ತಾಯಂದಿರೇ, ಅಕ್ಕತಂಗಿಯರೇ, ಯಾರಿಗೆ ವೋಟು ಹಾಕಬೇಕೆಂದು ಈ ಕಥೆ ಹೇಳುವುದಿಲ್ಲ. ಅದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಆದರೆ ನಿಮ್ಮ ಬಾಗಿಲಿಗೂ ಯಾರಾದರೂ ಏನಾದರೂ ಹಿಡಿದುಕೊಂಡು ಬರುತ್ತಾರೆ. ಕೈ ಚಾಚುವ ಮೊದಲು ಅವರ ಪುಸ್ತಕ ಕೇಳಿ. ಒಲೆಯ ಮೇಲೆ ನೀರು ಕುದಿಯುವಷ್ಟು ಹೊತ್ತಿನಲ್ಲಿ ಓದಿ ಮುಗಿಸಬಹುದು. ಓದು ಬಾರದಿದ್ದರೆ ಓದಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನನ್ನಿಂದ ಎಷ್ಟು ತೆರಿಗೆ ಎತ್ತುತ್ತೀರಿ, ನನಗಿಂತ ಉಳ್ಳವರಿಂದ ಎಷ್ಟು ಎತ್ತುತ್ತೀರಿ, ಅದರ ಲೆಕ್ಕವನ್ನು ಎಲ್ಲಿ ತೋರಿಸುತ್ತೀರಿ ಎಂದು ಕೇಳಿ. ನಾಳೆ ನಾನು ನಿಮ್ಮನ್ನೇ ಪ್ರಶ್ನಿಸಿದರೆ ಏನು ಮಾಡುತ್ತೀರಿ ಎಂದೂ ಕೇಳಿ. ಆ ಕೊನೆಯ ಪ್ರಶ್ನೆಗೆ ಅವರ ಮುಖ ಹೇಗಾಗುತ್ತದೆ ಎಂದು ಗಮನವಿಟ್ಟು ನೋಡಿ.

ನಿಮ್ಮವರನ್ನು ಕಾರಣ ಹೇಳದೆ ಹಿಡಿದುಕೊಂಡು ಹೋದರೆ ಆ ಕ್ಷಣವೇ ಎದ್ದು ಹೋಗಿ. ಕಾನೂನು ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದೊಡ್ಡವರು ನಮ್ಮ ಪರ ಮಾತಾಡುತ್ತಾರೆ ಎಂದು ಕಾಯಬೇಡಿ. ಫಾಲೆಸಿ ನಾಳೆಗಾಗಿ ಕಾದಳು. ಅವಳ ತಾಯಿಗೆ ಅಷ್ಟು ಸಮಯವಿರಲಿಲ್ಲ.