ಬಾಯಿ ಇದ್ದಲ್ಲಿ ಮಾತು

"ಬೇಡ ಅಪ್ಪಾ, ಅದರ ಮೇಲೆ ಬೇಡ" ಎಂದು ರೇಣುಕಾಪ್ರಸಾದ ಹೇಳಿ ಮುಗಿಸುವಷ್ಟರಲ್ಲಿ ಚನ್ನಬಸವಣ್ಣನವರ ಮೂರು ಬೆರಳು ಸಿನಿಮಾ ಪರದೆಯ ನಟ್ಟನಡುವೆ ವಿಭೂತಿ ಎಳೆದಾಗಿತ್ತು. ನೀರಲ್ಲಿ ಕಲಸಿದ ವಿಭೂತಿ. ಹೊಸ ಟ್ರ್ಯಾಕ್ಟರಿಗೆ, ಹೊಸ ಬೀರುವಿಗೆ, ಹೊಸ ಸೊಸೆಯ ಟ್ರಂಕಿಗೆ ಬಳಿದ ಬೆರಳುಗಳು ಹೊಸ ಪರದೆಯನ್ನು ಬಿಟ್ಟಾವೆಯೇ?

"ಏನಂದೆ?" ಎಂದರು ಅಪ್ಪ.

"ಏನಿಲ್ಲ."

"ಒಸಿ ಗಟ್ಟಿಯಾಗಿ ಮಾತಾಡೋದ ಕಲಿ ಕಣೋ. ಕಾಲೇಜಲ್ಲಿ ಅದೆಂಗೆ ಪಾಠ ಮಾಡ್ತೀಯೋ, ಶಿವನೇ ಬಲ್ಲ."

ಪಿರಿಯಾಪಟ್ಟಣದ ಪಿಯು ಕಾಲೇಜಿನಲ್ಲಿ ಅವನು ಭೌತಶಾಸ್ತ್ರದ ಮೇಷ್ಟ್ರು. ಶಬ್ದದ ಅಧ್ಯಾಯವೆಂದರೆ ಅವನಿಗೆ ಪ್ರಾಣ. ಹಿಂದಿನ ಬೆಂಚುಗಳಿಗೆ ಮಾತ್ರ ಆ ಅಧ್ಯಾಯ ಬರೀ ತುಟಿಯ ಅಲುಗಾಟ.

ಅಪ್ಪ ತಂಬಾಕು ವ್ಯಾಪಾರದಲ್ಲಿ ಗಂಟಲು ಪಳಗಿಸಿಕೊಂಡವರು. ಅವರಿಗೆ ಮಗನ ದನಿ ಕೇಳಿಸುತ್ತಲೇ ಇರಲಿಲ್ಲ. ಹಜಾರದ ಟೀವಿಯ ಸ್ಪೀಕರನ್ನು ಅವನು ಕಿಟಕಿಯ ಮೇಲಿಟ್ಟಾಗ ಗೊಣಗಿದ್ದರು: "ಟೀವಿಯವ್ನು ಇಲ್ಲಿ ಬಾಯಿ ಬುಡ್ತಾನೆ, ಮಾತು ಕಿಟಕೀಲಿ ಬತ್ತದೆ. ಇದ್ಯಾವ ದೆವ್ವ ಕಣೋ?" ಅಪ್ಪ ಅವನಲ್ಲಿ ಕಂಡ ತಪ್ಪುಗಳಲ್ಲಿ ಸರಿಪಡಿಸಲು ಸಾಧ್ಯವಿದ್ದದ್ದು ಅದೊಂದೇ. ಮಗ ಅದನ್ನೇ ಹಿಡಿದುಕೊಂಡ.

ಮನೆಯ ಹಿಂದೆ, ಹೊಗೆಸೊಪ್ಪು ಬೇಯಿಸುವ ಹಳೆಯ ಬ್ಯಾರನ್ ಪಾಳುಬಿದ್ದಿತ್ತು. ದಪ್ಪ ಗೋಡೆ, ಕಿಟಕಿಯಿಲ್ಲ, ಹಾಡುಹಗಲೂ ಕಗ್ಗತ್ತಲು. ಸಿನಿಮಾ ನೋಡಲು ಇನ್ನೇನು ಬೇಕು? ಸೆಕೆಂಡ್‌ಹ್ಯಾಂಡ್ ಪ್ರೊಜೆಕ್ಟರ್ ತಂದ. ಸದ್ದನ್ನು ತಡೆಯದ, ಸಣ್ಣ ಸಂದುಗಳ ನೇಯ್ಗೆಯ ಪರದೆ ಮುಂಬಯಿಯಿಂದ ಬಂತು. ಸ್ಪೀಕರುಗಳೆಲ್ಲ ಅದರ ಹಿಂದೆ. ಎಡಬಲದವು ಹಾಡಿಗೆ, ನಡುವಿನದು ಮಾತಿಗೆ, ಸರಿಯಾಗಿ ಪರದೆಯ ಮೇಲಿನ ಮುಖದ ಬಾಯಿಯ ಎತ್ತರಕ್ಕೆ. ಅಪ್ಪ ಕೂತು ನೋಡಿ, 'ಚೆನ್ನಾಗಿ ಮಾಡಿದ್ದೀಯ' ಅಂದರೆ ಸಾಕಿತ್ತು. ಕಿವಿಯ ಹತ್ತಿರ ಕೂದಲು ನೆರೆತ ಮೇಲೂ ಇದೊಂದು ಆಸೆಯೇ ಎಂದು ತನ್ನಷ್ಟಕ್ಕೆ ನಕ್ಕಿದ್ದ. ನಕ್ಕರೂ ಆಸೆ ಹೋಗಿರಲಿಲ್ಲ.

ಈಗ ವಿಭೂತಿ ಬಿದ್ದಿದ್ದು ಸರಿಯಾಗಿ ಆ ನಡುವಿನ ಸ್ಪೀಕರಿನ ಎದುರಿಗೇ.

ಭಾನುವಾರದ ಮಧ್ಯಾಹ್ನ. ಬೀದಿಗೆ ಬೀದಿಯೇ ಬಂದಿತ್ತು. ಹೆಂಡತಿ ನೀಲಾಂಬಿಕೆ ಪುರಿ ಹಂಚಿದಳು. ಗೋಡೆಗಂಟಿದ ಹಳೆಯ ಸೊಪ್ಪಿನ ಘಾಟಿಗೆ ಒಬ್ಬರಾದ ಮೇಲೊಬ್ಬರು ಸೀನಿದರು, ಸೀನಿ ಸೀನಿ ನಕ್ಕರು. ಅಪ್ಪ ತಮ್ಮ ಪಕ್ಕದ ಕುರ್ಚಿಗೆ ಟವೆಲು ಹಾಸಿ, ಕೂರಲು ಬಂದ ಪಕ್ಕದ ಮನೆಯ ಮಹದೇವಪ್ಪನನ್ನು ಎಬ್ಬಿಸಿದರು: "ಏಳ್ಲಾ, ಅದು ನಮ್ ಪ್ರಸಾದುಂದು."

ಸಿನಿಮಾ ಶುರುವಾಯಿತು. ಹಾಡು ಗಣಗಣ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಾತು ಬಂದಾಗ ಮಾತ್ರ ನಾಯಕ ಕಂಬಳಿ ಹೊದ್ದು ಮಾತಾಡಿದಂತಿತ್ತು. ನೇಯ್ಗೆಯ ಸಂದುಗಳಲ್ಲಿ ವಿಭೂತಿ ಮೆತ್ತಿಕೊಂಡಿತ್ತು.

"ಇವ್ನೂ ನಮ್ಮವ್ನಂಗೇ ಗೊಣಗ್ತಾನಲ್ಲ!" ಎಂದರು ಅಪ್ಪ. ಜನ ಗೊಳ್ಳೆಂದರು.

ವಿಭೂತಿ ಒರೆಸುವಂತಿಲ್ಲ, ಒರೆಸಿದರೆ ಅಪ್ಪ ಎದ್ದುಹೋಗುತ್ತಾರೆ. ಸ್ಪೀಕರನ್ನೇ ಒಂದು ಮೊಳ ಸರಿಸಬೇಕು. ಪ್ರಸಾದ ಕತ್ತಲಲ್ಲಿ ಗೋಡೆ ಸವರಿಕೊಂಡು ಪರದೆಯ ಹಿಂದೆ ನುಸುಳಿದ. ಕಂಡವಳು ನೀಲಾಂಬಿಕೆ ಒಬ್ಬಳೇ.

ಸ್ಪೀಕರನ್ನು ಎಳೆದ. ವೈರು ಕಳಚಿ ಕೈಗೆ ಬಂತು.

ಪಿಟೀಲು ನುಡಿಯುತ್ತಲೇ ಇತ್ತು; ಮಾತು ಮಾತ್ರ ನಿಂತಿತು. ಪರದೆಯ ಮೇಲೆ ನಾಯಕನ ತಂದೆ ಬೈದು ಮುಗಿಸಿ ಬೆನ್ನು ತಿರುಗಿಸಿದ್ದ. ಇನ್ನು ಮಗನ ಮುಖವೊಂದೇ ಇಡೀ ಪರದೆ ತುಂಬ, ತುಟಿ ಅಲುಗುತ್ತ.

"ಏನಂತಾನ್ಲಾ?" ಅಪ್ಪನ ಕೂಗು.

"ಒಂದು ನಿಮಿಷ ಅಪ್ಪಾ!" ಎಂದ ಪ್ರಸಾದ, ಗಾಬರಿಯಲ್ಲಿ, ತನಗೇ ಗೊತ್ತಿಲ್ಲದಷ್ಟು ಗಟ್ಟಿಯಾಗಿ.

ನಾಯಕನ ತುಟಿಗೆ ಅದು ಸರಿಯಾಗಿ ಕೂತಿತು. ಬ್ಯಾರನ್ನೇ ಹಾರಿಹೋಗುವಂತೆ ಶಿಳ್ಳೆ ಬಿತ್ತು.

"ಆಹಾ! ಈಗ ಬಂತು ನೋಡು ಮಾತು! ಬಾಯಿಂದ್ಲೇ ಬತ್ತದೆ!" ಎಂದರು ಅಪ್ಪ.

ಪ್ರಸಾದ ನೇಯ್ಗೆಗೆ ಕಣ್ಣಿಟ್ಟು ನೋಡಿದ. ಅಪ್ಪನ ಮುಖ ಸಿನಿಮಾದ ಬೆಳಕಿನಲ್ಲಿ ಅರಳಿತ್ತು. ಅವರು ನೇರ ಅವನನ್ನೇ ನೋಡುತ್ತಿದ್ದರು, ಅವನು ಮಾತ್ರ ಕಾಣುತ್ತಿರಲಿಲ್ಲ. ಅವನಿಗೆ ಒಳಗೆಲ್ಲ ಹುಚ್ಚು ಖುಷಿಯಾಯಿತು.

"ಅಪ್ಪಾ, ನಾನು ಹೇಳೋದನ್ನ ಒಂದ್ಸಲ ಕೇಳಿ" ಎಂದ.

"ಹೇಳಪ್ಪಾ ಹೇಳು, ಚೆನ್ನಾಗಿ ಕೇಳ್ತದೆ!"

"ನಿಮಗೆ ಹೆದರಿ ಹೆದರಿ ನನ್ನ ಗಂಟಲೇ ಕಟ್ಟಿಹೋಯ್ತು. ಹಂಗಂತ ನಿಮ್ಮ ಮೇಲೆ ಕೋಪ ಇಲ್ಲ. ನೀವು ನಕ್ಕರೆ ನಂಗೆ ಹಬ್ಬ."

ಹೆಂಗಸರು ಕಣ್ಣೊರೆಸಿಕೊಂಡರು. ನೀಲಾಂಬಿಕೆ ಸೆರಗನ್ನು ಬಾಯಿಗೊತ್ತಿ ನಗುತ್ತಿದ್ದಳು. ಅಪ್ಪ ತೊಡೆ ತಟ್ಟಿದರು.

"ಮಗ ಅಂದ್ರೆ ಇಂಗಿರ್ಬೇಕು ಕಣ್ಲಾ ಮಾದೇವಪ್ಪ! ಎಂಗೆ ಎದೆ ಕೊಟ್ಟು ಮಾತಾಡ್ತಾನೆ ನೋಡು. ಎಲ್ಲೋದ ನಮ್ಮವ್ನು? ಇದ ನೋಡಿ ಕಲೀಲಿ!"

ಪಕ್ಕದ ಕುರ್ಚಿಯ ಮೇಲಿನ ಟವೆಲನ್ನು ಸರಿಪಡಿಸಿ ಬಾಗಿಲ ಕಡೆ ಕತ್ತು ತಿರುಗಿಸಿದರು. "ಪ್ರಸಾದೂ, ಬಾರೋ ಇಲ್ಲಿ! ಚೆನ್ನಾಗಿ ಮಾಡಿದ್ದೀಯ ಕಣೋ! ಎಲ್ಲಿದ್ದೀಯಾ?"

ಕೇಳಬೇಕಾದ ಮಾತು ಕೇಳಿಯಾಯಿತು. ಪರದೆಯ ಅಂಚಿನಿಂದ ನಾಲ್ಕು ಹೆಜ್ಜೆ ಹಾಕಿದರೆ ಆ ಕುರ್ಚಿ. ಅಲ್ಲಿ ಹೋಗಿ ಕೂತರೆ ಅಪ್ಪ ಭುಜ ತಟ್ಟುತ್ತಾರೆ, ಏನೋ ಕೇಳುತ್ತಾರೆ, ಅವನು ಉತ್ತರಿಸುತ್ತಾನೆ, ಅವರು 'ಏನಂದೆ?' ಅನ್ನುತ್ತಾರೆ.

ಪ್ರಸಾದ ವೈರನ್ನು ಸ್ಪೀಕರಿನವರೆಗೆ ಒಯ್ದ. ಒಯ್ದು, ಸಿಕ್ಕಿಸದೆ ನಿಂತ.

"ಇಲ್ಲೇ ಇದ್ದೀನಿ ಅಪ್ಪಾ!" ಎಂದು ಕೂಗಿದ. ಇನ್ನೊಂದು ಶಿಳ್ಳೆ ಬಿತ್ತು. ಅಪ್ಪ ಬಾಗಿಲಿನಿಂದ ಕಣ್ಣು ಕಿತ್ತು ನಾಯಕನತ್ತ ತಿರುಗಿ ಮಗುವಿನ ಹಾಗೆ ನಕ್ಕರು.

ಅಷ್ಟರಲ್ಲಿ ನಾಯಕನ ಮುಖ ಹೋಯಿತು. ಪರದೆಯ ತುಂಬ ಹಸಿರು ಭತ್ತದ ಗದ್ದೆ. ನೇಯ್ಗೆಯೊಳಗಿಂದ ಸೋರಿದ ಹಸಿರು ಬೆಳಕು ಪ್ರಸಾದನ ಬಿಳಿ ಅಂಗಿಯ ಮೇಲೆ ಅಲುಗುತ್ತಿತ್ತು.

"ಮಾತಾಡಪ್ಪಾ" ಎಂದರು ಅಪ್ಪ, ಗದ್ದೆಯನ್ನೇ ನೋಡುತ್ತ.

ಪ್ರಸಾದ ನಗುತ್ತಲೇ ಬಾಯಿ ತೆರೆದು, ಆ ಮುಖ ಮತ್ತೆ ಬರಲೆಂದು ಕಾಯುತ್ತ ನಿಂತ.