ಭಾವನ ಜೀಪಿಗೆ ಹಾಕಿದ ದೀಪಗಳು

ಭಾವ ಮೊದಲ ಸಲ ದೀಪದ ವಿಷಯ ಎತ್ತಿದ್ದು ಒಂದು ಭಾನುವಾರ ಬೆಳಿಗ್ಗೆ. ಗಾಡಿಗಳ ವೈರಿಂಗ್ ನನ್ನ ಕಸುಬು. ಮುಖ್ಯರಸ್ತೆಯ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು, ಅದಕ್ಕೊಂದು ಶಟರ್, ಗೋಡೆ ತುಂಬ ಮೊಳೆಗೆ ನೇತುಹಾಕಿದ ವೈರಿನ ಸುರುಳಿಗಳು. ಭಾವ ಎಂದರೆ ನನ್ನ ಅಕ್ಕನ ಗಂಡ. ಹದಿನೆಂಟು ವರ್ಷದಿಂದ ಒಂದೇ ಹಳೇ ಜೀಪು ಓಡಿಸುತ್ತಿದ್ದರು. ಬೆಟ್ಟದ ಮೇಲಿನ ನಾಲ್ಕು ಊರುಗಳಿಗೆ ಡಾಂಬರು ರಸ್ತೆ ಇರಲಿಲ್ಲ. ಬರೀ ಕಲ್ಲು, ಕೊರಕಲು. ಬಸ್ಸು ಹತ್ತುತ್ತಿರಲಿಲ್ಲ. ಬೆಳಿಗ್ಗೆ ಅಲ್ಲಿಯ ಜನರನ್ನು ಕೆಳಗಿಳಿಸುವುದು, ಸಂಜೆ ಮತ್ತೆ ಮೇಲೆ ಮುಟ್ಟಿಸುವುದು ಭಾವನ ಕೆಲಸ. ರೋಗಿಗಳು, ಶಾಲೆ ಮೇಷ್ಟ್ರು, ಸಿಮೆಂಟು ಮೂಟೆ, ಒಮ್ಮೊಮ್ಮೆ ಮೇಕೆ, ಎಲ್ಲಕ್ಕೂ ಅದೇ ಜೀಪು.

“ದೀಪ ಮಂಕಾಗಿದೆ ಕಣೋ,” ಅಂದರು ಭಾವ. “ಸಂಜೆ ಆಯ್ತು ಅಂದ್ರೆ ಏನೂ ಕಾಣಲ್ಲ. ಮುಂದೆ ಎರಡು ಮಿಣುಕು ಹುಳ ಕಟ್ಕೊಂಡು ಹೋದ ಹಾಗಿದೆ. ಜಾಸ್ತಿ ಖರ್ಚು ಮಾಡೋ ಶಕ್ತಿ ಇಲ್ಲ, ಕಡಿಮೆಯಲ್ಲಿ ಏನಾದ್ರೂ ಮಾಡು.”

ಬಿಚ್ಚಿ ನೋಡಿದೆ. ಅವರು ಹೇಳಿದ್ದು ಸುಳ್ಳಲ್ಲ. ದೀಪದೊಳಗಿನ ಹೊಳಪು ಬಟ್ಟಲು ತುಕ್ಕು ಹಿಡಿದು ಕಪ್ಪಾಗಿತ್ತು, ಗಾಜು ಹಳದಿ ತಿರುಗಿತ್ತು. ವೈರು ನೂಲಿನಷ್ಟು ತೆಳ್ಳಗೆ. ಬ್ಯಾಟರಿಯಲ್ಲಿದ್ದ ಕರೆಂಟು ಬಲ್ಬಿಗೆ ಬರುವಷ್ಟರಲ್ಲಿ ಅರ್ಧ ಸತ್ತೇ ಹೋಗುತ್ತಿತ್ತು. ಇಂಥದ್ದಕ್ಕೆ ದುಬಾರಿ ಸಾಮಾನು ಬೇಕಾಗಿಲ್ಲ. ಗುಜರಿಯಲ್ಲಿ ಹುಡುಕಿ ಒಂದು ಜೊತೆ ಒಳ್ಳೆ ದೀಪ ತಂದೆ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ಸ್ವಿಚ್ಚಿನ ಮೇಲೆ ಭಾರ ಬೀಳದಂತೆ ನಡುವೆ ರಿಲೇ ಕೂರಿಸಿದೆ, ಫ್ಯೂಸ್ ಹಾಕಿದೆ. ಜೀಪಿನ ಮೈಗೆ ಅರ್ತ್ ವೈರು ಕೊಡುವ ಜಾಗದ ಬಣ್ಣ ಕೆರೆದು ತಗಡು ಹೊಳೆಯುವಂತೆ ಉಜ್ಜಿದೆ. ಬಲ್ಬು ಮಾತ್ರ ಹೊಸದು.

ಕೆಲಸ ಮುಗಿದ ಮೇಲೆ ಜೀಪನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ಶಟರ್ ಎಳೆದೆ. ಒಳಗೆ ಕತ್ತಲಾಯಿತು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ಸ್ಕ್ರೂ ತಿರುಗಿಸಿ ಇಳಿಸಿದೆ. ಗೋಡೆ ಹಾಲು ಸುರಿದ ಹಾಗೆ ಬೆಳ್ಳಗಾಗಿತ್ತು. ನನಗೇ ಹೆಮ್ಮೆ ಅನ್ನಿಸಿತು.

ಭಾವ ನೋಡುತ್ತ ನಿಂತರು. “ಪರವಾಗಿಲ್ಲ,” ಅಂದರು.

ಮೂರು ವಾರಕ್ಕೆ ಮತ್ತೆ ಬಂದರು. “ಇನ್ನೂ ಸಾಲದು. ಎಡಗಡೆ ಪೂರ್ತಿ ಕಪ್ಪು.”

ನಾನು ಮೀಟರು ಹಿಡಿದು ನೋಡಿದೆ. ಎರಡು ಕಡೆಯೂ ಕರೆಂಟು ಸರಿಯಾಗಿ ಬರುತ್ತಿತ್ತು. ಆದರೂ ಭಾವನ ಮಾತು ತೆಗೆದುಹಾಕಲಾಗದೆ ಬಂಪರಿನ ಮೇಲೆ ಎರಡು ಅಗಲ ಬೆಳಕಿನ ದೀಪ ಕೂರಿಸಿದೆ. ಶಟರ್ ಎಳೆದು ಹಚ್ಚಿದಾಗ ಮೂಲೆಯಲ್ಲಿದ್ದ ಜೇಡರಬಲೆಯ ಎಳೆಯೂ ಲೆಕ್ಕಕ್ಕೆ ಸಿಗುತ್ತಿತ್ತು. ಭಾವ ಜೀಪನ್ನು ಸುತ್ತಿಕೊಂಡು ಬರುವಾಗ ನನ್ನ ಸ್ಟೂಲಿಗೆ ಎಡವಿ ಬಿದ್ದರು. ಮೊಣಕಾಲು ತರಚಿಹೋಯಿತು. “ದಾರಿಯಲ್ಲಿ ಯಾಕೆ ಇಡ್ತೀಯೋ,” ಎಂದು ರೇಗಿದರು. ಸ್ಟೂಲು ಕೆಂಪು ಬಣ್ಣದ್ದು, ಬೆಳಕಿನಲ್ಲೇ ಇತ್ತು.

ಅವರನ್ನು ಬೆಂಚಿನ ಮೇಲೆ ಕೂರಿಸಿ, “ಭಾವ, ನೇರ ಗೋಡೆ ನೋಡಿ,” ಎಂದೆ. ಪಕ್ಕದಲ್ಲಿ ನಿಂತು ಅವರ ಕಿವಿಯ ನೇರಕ್ಕೆ ಕೈ ಚಾಚಿ ನಿಧಾನವಾಗಿ ಮುಂದಕ್ಕೆ ತಂದೆ.

“ಎಷ್ಟು ಬೆರಳು?”

“ಎಲ್ಲಿ?” ಎಂದರು.

ಕೈ ಬಹುಮಟ್ಟಿಗೆ ಅವರ ಮೂಗಿನ ಮುಂದೆ ಬರುವವರೆಗೂ ಅವರಿಗೆ ಕಾಣಲಿಲ್ಲ.

“ನಿಮಗೆ ಗೊತ್ತು ಅಲ್ವಾ?”

“ಕಣ್ಣಿನ ಡಾಕ್ಟ್ರು ಹೇಳಿದ್ದಾರೆ,” ಅಂದರು ಭಾವ, ಮೊಣಕಾಲಿನ ರಕ್ತ ಒರೆಸಿಕೊಳ್ಳುತ್ತ. “ನೋಟ ಅಂಚಿನಿಂದ ಒಳಕ್ಕೆ ಸಾಯ್ತಾ ಬರುತ್ತಂತೆ. ಔಷಧಿ ಇಲ್ಲ. ಹಗಲು ನೇರಕ್ಕೆ ಚೆನ್ನಾಗೇ ಕಾಣುತ್ತೆ ಕಣೋ. ಸಂಜೆ ಮಾತ್ರ ಕೊಳವೆಯಲ್ಲಿ ಇಣುಕಿದ ಹಾಗೆ.”

“ಹಾಗಾದ್ರೆ ಗಾಡಿ ಬಿಡಿ.”

“ಬಿಟ್ಟು?”

ನಾನು ಸ್ಟೂಲನ್ನು ಎತ್ತಿ ಗೋಡೆ ಬದಿಗೆ ಇಟ್ಟೆ.

ಮರುದಿನ ಅಕ್ಕ ಬಂದಳು. ಒಳಗೆ ಬಂದವಳೇ ಕೂರಲೂ ಇಲ್ಲ. “ನನ್ನ ಮಗಳು ನರ್ಸಿಂಗ್ ಮುಗಿಸೋಕೆ ಇನ್ನೊಂದು ವರ್ಷ ಇದೆ. ಅಲ್ಲಿವರೆಗೆ ಹೇಗಾದ್ರೂ ಎಳೀಬೇಕು. ಎರಡು ಪಕ್ಕಕ್ಕೂ ಬೆಳಕು ಬೀಳೋ ಹಾಗೆ ಇನ್ನೊಂದು ಜೊತೆ ಹಾಕು. ನಾನು ದಿನಾ ಸಂಜೆ ಅವರ ಪಕ್ಕ ಕೂರ್ತೀನಿ.”

“ನೀನು ಕೂತು ಏನು ಮಾಡ್ತೀಯೇ?”

“ನನಗೆ ಕಣ್ಣಿಲ್ವಾ?”

ಅಕ್ಕನ ಮುಂದೆ ನಾನು ಚಿಕ್ಕಂದಿನಿಂದಲೂ ಬಾಲ ಮುದುರಿದವನೇ. ಹಾಕಿದೆ. ಹಳೇ ಟ್ರಾಕ್ಟರಿನಿಂದ ಬಿಚ್ಚಿದ ಎರಡು ದೀಪ, ಎರಡು ಪಕ್ಕಕ್ಕೂ ಹೊರಳಿಸಿ. ಹಾಕುವಾಗಲೇ ನನಗೆ ಗೊತ್ತಿತ್ತು, ನಾನು ರಿಪೇರಿ ಮಾಡುತ್ತಿದ್ದದ್ದು ಕೆಟ್ಟಿದ್ದನ್ನಲ್ಲ.

ಒಂದು ಸಂಜೆ ಅವರ ಜೊತೆ ನಾನೂ ಹೋದೆ. ಮುಂದಿನ ಸೀಟಿನಲ್ಲಿ ಅಕ್ಕ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಮನೆಯ ಮಾತು ಆಡುವ ದನಿಯಲ್ಲೇ ಹೇಳುತ್ತಿದ್ದಳು: “ಎಡಕ್ಕೆ ಕಲ್ಲಿದೆ ರೀ. ಹಾಂ, ಈಗ ಸ್ವಲ್ಪ ಬಲಕ್ಕೆ. ಮುಂದೆ ತಿರುವು, ನಿಧಾನ. ಒಬ್ಬಳು ಹೆಂಗಸು ಬರ್ತಿದ್ದಾಳೆ, ನಿಮ್ಮ ಕಡೆ.” ಭಾವ ಹೂಂ ಅನ್ನುತ್ತ ಸ್ಟೀರಿಂಗು ತಿರುಗಿಸುತ್ತಿದ್ದರು. ಹಿಂದೆ ಕೂತ ಒಬ್ಬಾಕೆ, “ನಿಮ್ಮ ಯಜಮಾನ್ರಿಗೆ ದಾರಿಯಲ್ಲೂ ಬಿಡುವಿಲ್ಲ ನೋಡಿ, ಬಾಯಿ ಮುಚ್ಚಲ್ವಲ್ಲ ನೀವು,” ಎಂದು ನಕ್ಕಳು. ಅಕ್ಕನೂ ನಕ್ಕಳು. ನನಗೆ ನಗು ಬರಲಿಲ್ಲ.

ಆ ದಾರಿಯಲ್ಲಿ ಗುಂಡಿ ಮುಚ್ಚುವವನೊಬ್ಬನಿದ್ದ. ರಸ್ತೆ ಇಲಾಖೆಯ ಕೂಲಿ. ಎಲ್ಲರೂ ಗುಂಡಿಯಣ್ಣ ಅನ್ನುತ್ತಿದ್ದರು. ಒಂದು ಗುದ್ದಲಿ, ಒಂದು ಬುಟ್ಟಿ, ತಲೆಗೊಂದು ಟವೆಲು. ಅಂದೂ ತಿರುವಿನಲ್ಲಿ ನಿಂತಿದ್ದವನು ಕಣ್ಣಿಗೆ ಕೈ ಅಡ್ಡ ಹಿಡಿದು ಕೂಗಿದ, “ಏನು ಯಜಮಾನ್ರೇ, ಜೀಪಿಗೆ ಮದುವೆನಾ? ಇಷ್ಟು ದೀಪ!” ಅಕ್ಕ ಮೆಲ್ಲಗೆ, “ಗುಂಡಿಯಣ್ಣ, ಎಡಗಡೆ,” ಎಂದಳು. ಆಮೇಲೆ ಭಾವ ಅತ್ತ ತಿರುಗಿ ಕೈ ಎತ್ತಿದರು.

ಹೀಗೆ ನಾಲ್ಕು ತಿಂಗಳು ಕಳೆಯಿತು. ಯಾರಿಗೂ ಅನುಮಾನ ಬರಲಿಲ್ಲ. ನನಗೂ ಅಭ್ಯಾಸವಾಗಿಬಿಟ್ಟಿತು. ಈಗ ಯೋಚಿಸಿದರೆ, ಅದಕ್ಕೇ ಹೆಚ್ಚು ನಾಚಿಕೆಯಾಗುತ್ತದೆ.

ಅದು ನಡೆದದ್ದು ಒಂದು ಸಂಜೆ, ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ. ನಾನು ಜೀಪಿನಲ್ಲಿರಲಿಲ್ಲ, ಆಮೇಲೆ ಅಕ್ಕನೇ ಹೇಳಿದ್ದು. ಹಿಂದಿನ ಸೀಟಿನಲ್ಲಿದ್ದ ಬಸುರಿ ಹೆಂಗಸಿಗೆ ವಾಂತಿ ಬಂತು. ಅಕ್ಕ ಹಿಂದಕ್ಕೆ ತಿರುಗಿ ಅವಳ ತಲೆ ಹಿಡಿದಳು. ಎರಡು ಕ್ಷಣ ಇರಬಹುದು, ಮೂರಿರಬಹುದು. ಗುಂಡಿಯಣ್ಣ ಕೆಲಸ ಮುಗಿಸಿ ರಸ್ತೆಯ ಎಡ ಅಂಚಿನಲ್ಲೇ ಮನೆ ಕಡೆ ನಡೆದುಹೋಗುತ್ತಿದ್ದ. ಅಕ್ಕ ಮುಂದಕ್ಕೆ ತಿರುಗುವಷ್ಟರಲ್ಲಿ ಎಡಗಡೆಯ ಮಡ್‌ಗಾರ್ಡಿಗೆ ಏನೋ ಬಡಿದ ಸದ್ದಾಯಿತು.

ಅವನಿಗೆ ಇನ್ನೂ ಉಸಿರಿತ್ತು. ಬೇರೆ ಗಾಡಿ ಇಲ್ಲ. ಅವನನ್ನು ಅದೇ ಜೀಪಿನ ಹಿಂದೆ ಮಲಗಿಸಿ, ಭಾವನೇ ಮತ್ತೆ ಕೆಳಕ್ಕೆ ಓಡಿಸಬೇಕಾಯಿತು. ಕತ್ತಲು ಏರುತ್ತಿತ್ತು. ಅಕ್ಕ ಈಗ ಮೆಲ್ಲಗೆ ಹೇಳುತ್ತಿರಲಿಲ್ಲ. ಎಡಕ್ಕೆ, ಬಲಕ್ಕೆ, ಕಲ್ಲು, ತಿರುವು ಎಂದು ದಾರಿಯುದ್ದಕ್ಕೂ ಗಂಟಲು ಹರಿದು ಕೂಗಿದಳು. ಜೊತೆಯಲ್ಲಿದ್ದವರು ಗಾಬರಿಗೆ ಕೂಗುತ್ತಿದ್ದಾಳೆ ಅಂದುಕೊಂಡರು. ಆಸ್ಪತ್ರೆ ಸಿಗುವ ಮೊದಲೇ ಗುಂಡಿಯಣ್ಣ ಹೋಗಿಬಿಟ್ಟಿದ್ದ.

ಮೂರನೇ ದಿನ ಪೊಲೀಸಿನವರು ಜೀಪನ್ನು ನನ್ನ ಶೆಡ್ಡಿಗೇ ತಂದರು. ಜೊತೆಗೆ ವಾಹನ ಇನ್ಸ್‌ಪೆಕ್ಟರು. ವಯಸ್ಸಾದ, ನಿಧಾನದ ಮನುಷ್ಯ. ಬ್ರೇಕು ನೋಡಿದರು, ಸ್ಟೀರಿಂಗು ಅಲ್ಲಾಡಿಸಿದರು. ಆಮೇಲೆ ಶಟರ್ ಎಳೆಯಲು ಹೇಳಿ ದೀಪ ಹಚ್ಚಿಸಿದರು. ಗೋಡೆ, ಮೂಲೆ, ಸೂರು ಎಲ್ಲ ಬೆಳಗಿತು. ನಾನು ಕೊಟ್ಟ ವೈರಿನ ಜೋಡಣೆಯನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿದರು.

“ಯಾರು ಮಾಡಿದ್ದು?”

“ನಾನೇ, ಸಾರ್.”

“ಅಚ್ಚುಕಟ್ಟಾಗಿದೆ. ಹೊಸ ಗಾಡಿಗಳಲ್ಲೂ ಇಷ್ಟು ಬೆಳಕಿರಲ್ಲ.” ಹಾಳೆಯ ಮೇಲೆ ಬರೆಯುತ್ತ ಕೇಳಿದರು, “ಕಾಣಿಸ್ತಿಲ್ಲ ಅಂತ ಡ್ರೈವರು ಯಾವತ್ತಾದ್ರೂ ದೂರಿದ್ದಾರಾ?”

ಅಕ್ಕನ ಮುಖ ಕಣ್ಣ ಮುಂದೆ ಬಂತು.

“ಇಲ್ಲ ಸಾರ್.”

“ಇಂಥ ಬೆಳಕಲ್ಲಿ ಪಕ್ಕದಲ್ಲಿ ನಡೆಯೋ ಮನುಷ್ಯ ಕಾಣದೆ ಇರೋಕೆ ಸಾಧ್ಯ ಇಲ್ಲ. ಆತನೇ ಇದ್ದಕ್ಕಿದ್ದ ಹಾಗೆ ಅಡ್ಡ ಬಂದಿರಬೇಕು.” ನನ್ನ ಸಹಿ ಹಾಕಿಸಿಕೊಂಡರು.

ಹದಿನೈದು ದಿನದ ಮೇಲೆ ಒಬ್ಬ ಹೆಂಗಸು ಶೆಡ್ಡಿನ ಮುಂದೆ ಬಂದು ನಿಂತಳು. ನಲವತ್ತರ ಸುಮಾರು, ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತು. ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತೇನೆ, ಗುಂಡಿಯಣ್ಣನ ತಂಗಿ ಅಂದಳು. ಜಗಳಕ್ಕೆ ಬಂದಿದ್ದಾಳೆ ಅಂದುಕೊಂಡೆ. ಅವಳ ದನಿಯಲ್ಲಿ ಜಗಳವಿರಲಿಲ್ಲ.

“ಅವನೇ ಅಡ್ಡ ಬಂದ ಅಂತ ಬರೆದಿದ್ದಾರೆ. ಇಲಾಖೆಯವರು, ನಿಮ್ಮಣ್ಣನದೇ ತಪ್ಪು, ನಾವೇನೂ ಮಾಡೋಕಾಗಲ್ಲ ಅಂತಾರೆ. ಇಪ್ಪತ್ತೆರಡು ವರ್ಷ ಆ ರಸ್ತೆ ಮೇಲೆ ಕೆಲಸ ಮಾಡ್ದ ನಮ್ಮಣ್ಣ. ಗಾಡಿ ಸದ್ದು ಕೇಳಿದ್ರೆ ಸಾಕು, ಬದಿಗೆ ಸರಿದು ನಿಲ್ಲೋನು. ಕುಡೀತಿರಲಿಲ್ಲ. ಅವನು ಯಾಕೆ ಅಡ್ಡ ಬರ್ತಾನೆ?” ಸ್ವಲ್ಪ ತಡೆದು ಕೇಳಿದಳು, “ನೀವು ದೀಪದ ಕೆಲಸದವರು. ನೀವೇ ಹೇಳಿ, ಅಷ್ಟು ಬೆಳಕಲ್ಲಿ ಅವನು ಡ್ರೈವರಿಗೆ ಕಂಡಿರಲ್ವಾ?”

ನಾನು ಕೈಯಲ್ಲಿದ್ದ ವೈರಿನ ತುದಿಯ ಪ್ಲಾಸ್ಟಿಕ್ಕನ್ನು ಸುಲಿಯುತ್ತಲೇ ಇದ್ದೆ. ಅರ್ಧ ಅಡಿ ತಾಮ್ರ ಹೊರಗೆ ಬಂದಿತ್ತು.

“ಕುಡಿಯೋಕೆ ನೀರು ಕೊಡ್ಲಾ?” ಎಂದೆ. ಬೇಡ ಎಂದು ಹೊರಟುಹೋದಳು.

ಆ ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಭಾವ ಕಿಟಕಿ ಪಕ್ಕ ಕೂತಿದ್ದರು. ಅಪಘಾತವಾದಾಗಿನಿಂದ ಸ್ಟೀರಿಂಗು ಮುಟ್ಟಿರಲಿಲ್ಲ. ಗುಂಡಿಯಣ್ಣನ ತಂಗಿ ಬಂದದ್ದು ಹೇಳುತ್ತಿದ್ದಂತೆ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಬಾಯಿ ಬಿಟ್ಟೆ ಅಂದ್ರೆ ಹುಷಾರ್! ಸತ್ತೋನು ಎದ್ದು ಬರ್ತಾನಾ? ಇವರು ಜೈಲಲ್ಲಿ ಕುರುಡರಾಗಬೇಕಾ?”

“ಅವನ ತಲೆ ಮೇಲೆ ತಪ್ಪು ಹೊರಿಸಿದ್ದೀವಲ್ಲ ಅಕ್ಕ.”

“ನಾನು ಹಿಂದೆ ತಿರುಗಿದೆ. ತಪ್ಪು ನಂದು. ಅದನ್ನ ದಿನಾ ನಾನು ನುಂಗ್ತಿದ್ದೀನಿ, ನೀನೂ ನುಂಗು.”

ಬಾಗಿಲಲ್ಲಿ ಭಾವ ನಿಂತಿದ್ದರು. ಕೈಯಿಂದ ಗೋಡೆ ತಡವಿಕೊಂಡು ಬಂದಿದ್ದರು.

“ಅವನು ಬದೀಲೇ ಇದ್ದ ಅಂತ ನೀನೇ ಆವತ್ತು ಹೇಳಿದೆ,” ಎಂದರು ಅಕ್ಕನಿಗೆ. ಆಮೇಲೆ ನನ್ನ ಕಡೆ ತಿರುಗಿ, “ಬೆಳಿಗ್ಗೆ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತೀಯಾ? ಒಬ್ಬನೇ ಆ ರಸ್ತೆ ದಾಟೋಕೆ ನನಗೆ ಆಗಲ್ಲ. ನಿನ್ನ ವಿಷಯ ನಾನು ಎತ್ತಲ್ಲ, ಹೆದರಬೇಡ.”

ಅಕ್ಕ ನೆಲದ ಮೇಲೆ ಕುಸಿದಳು. ಅತ್ತಳು, ಬೈದಳು, ಮಗಳ ಹೆಸರೆತ್ತಿ ಅಂಗಲಾಚಿದಳು. ಭಾವ ಕದಲಲಿಲ್ಲ.

ಮರುದಿನ ಸ್ಟೇಷನ್ನಿನಲ್ಲಿ ಆ ವಾಹನ ಇನ್ಸ್‌ಪೆಕ್ಟರನ್ನೂ ಕರೆಸಿದರು. ಭಾವ ಹೇಳಿದ್ದನ್ನು ಅವರು ನಂಬಲಿಲ್ಲ. ದುಃಖದಲ್ಲಿ ಏನೇನೋ ಹೇಳುತ್ತಿದ್ದೀರಿ, ಮನೆಗೆ ಹೋಗಿ ಮಲಗಿ ಅಂದರು.

“ನನ್ನ ಪಕ್ಕಕ್ಕೆ ಕೈ ಚಾಚಿ ಸಾರ್,” ಎಂದರು ಭಾವ.

ಅವರು ಚಾಚಿದರು. ಭಾವ ಗೋಡೆ ನೋಡುತ್ತ ಕೂತರು. ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಇನ್ಸ್‌ಪೆಕ್ಟರ ಮುಖದ ಬಣ್ಣ ಬದಲಾಯಿತು. ನನ್ನತ್ತ ನೋಡಿದರು. ಸುಮ್ಮನಿದ್ದರೆ ನಾನು ಬಚಾವು. ಭಾವ ಮಾತು ಕೊಟ್ಟಿದ್ದರು. ಆದರೆ ಆ ನೋಟದ ಮುಂದೆ ನಿಲ್ಲಲಾಗಲಿಲ್ಲ.

“ದೂರಿದ್ರು ಸಾರ್,” ಎಂದೆ. “ನನಗೆ ಗೊತ್ತಿತ್ತು. ಗೊತ್ತಿದ್ದೂ ದೀಪ ಹಾಕಿಕೊಟ್ಟೆ.”

ಭಾವನಿಗೆ ಎರಡು ವರ್ಷದ ಶಿಕ್ಷೆಯಾಯಿತು. ಸುಳ್ಳು ಹೇಳಿಕೆಗೆ ನನಗೆ ದಂಡ, ಜೊತೆಗೆ ಊರಿನವರ ಬಾಯಿ. ಗುಂಡಿಯಣ್ಣನದು ತಪ್ಪಿಲ್ಲ ಎಂದು ಹೊಸ ವರದಿ ಬಂತು. ಅವನ ತಂಗಿಗೆ ಇಲಾಖೆಯ ಪರಿಹಾರ ಸಿಕ್ಕಿತೆಂದು ಕೇಳಿದೆ. ಅವಳು ಮತ್ತೆ ನನ್ನ ಶೆಡ್ಡಿನ ಕಡೆ ಬರಲಿಲ್ಲ. ಬರಲಿ ಎಂದು ನಾನೂ ಬಯಸಲಿಲ್ಲ. ಅಕ್ಕನ ಮಗಳು ಓದು ನಿಲ್ಲಿಸಿ ಔಷಧಿ ಅಂಗಡಿಗೆ ಸೇರಿದಳು. ಅಕ್ಕ ನನ್ನ ಜೊತೆ ಮಾತು ಬಿಟ್ಟಳು.

ತಿಂಗಳಿಗೊಮ್ಮೆ ಭಾವನನ್ನು ನೋಡಲು ಹೋಗುತ್ತೇನೆ. ಹೋದ ಸಲ ಅವರಿಗೆ ನೇರಕ್ಕೂ ಅಷ್ಟಾಗಿ ಕಾಣುತ್ತಿರಲಿಲ್ಲ. ಜಾಲರಿಯ ಆಚೆಯಿಂದ ನನ್ನ ದನಿ ಬಂದ ಕಡೆಗೆ ಮುಖ ಇಟ್ಟುಕೊಂಡು ಮಾತಾಡಿದರು. ಒಳಗೆ ಕಷ್ಟವಿಲ್ಲ, ಬಚ್ಚಲಿಗೆ ಮೂವತ್ತೊಂದು ಹೆಜ್ಜೆ, ಊಟದ ಸಾಲಿಗೆ ಅರವತ್ತು ಅಂದರು. ಪಕ್ಕದ ಹಾಸಿಗೆಯ ಕಳ್ಳ ಒಳ್ಳೆಯವನು, ತಟ್ಟೆ ತಂದು ಕೊಡುತ್ತಾನಂತೆ.

“ನಿಮ್ಮಕ್ಕ ಬಂದಿದ್ದಾಳಾ?”

“ಗೇಟಿನ ಹತ್ತಿರ ನಿಂತಿದ್ದಾಳೆ. ನಾನು ಹೋದ ಮೇಲೆ ಬರ್ತಾಳೆ.”

“ಭೇಟಿಗೆ ಇರೋದೇ ಅರ್ಧ ಗಂಟೆ ಕಣೋ,” ಅಂದರು ಭಾವ. “ನೀನು ಹೊರಡು.”

ಹೊರಗೆ ಬಂದೆ. ಅಕ್ಕ ಕೈಚೀಲ ಎದೆಗವುಚಿಕೊಂಡು ಎದುರಿಗೆ ಬಂದಳು. ಒಂದು ಮೊಳದ ಅಂತರದಲ್ಲಿ ನನ್ನನ್ನು ದಾಟಿ, ಒಳಗೆ ಹೋದಳು.